ಕಂಬ ಕಳಚಿತು, ಕುದುರೆ ಬೀಳಲಿಲ್ಲ: ಪಂಚತಾರಾ ಈವೆಂಟಿಂಗ್‌ನ ಒಂದು ಪ್ರಕರಣ ಅಧ್ಯಯನ

ಓಟದ ನಡುವೆ ದಣಿದ ಕುದುರೆಯೊಂದು ತಡೆಗೆ ಬಡಿದ ಈ ಪ್ರಕರಣದಲ್ಲಿ ಕುದುರೆ ಸಾಯಲಿಲ್ಲ, ಸವಾರರು ಆಸ್ಪತ್ರೆ ಸೇರಲಿಲ್ಲ. ಇದನ್ನು ವಿವರವಾಗಿ ದಾಖಲಿಸಬೇಕೆನಿಸಿದ್ದು ಆ ಕಾರಣಕ್ಕೇ. ಸಾವು ಸಂಭವಿಸಿದಾಗ ವಿಚಾರಣೆ ತಾನಾಗಿ ನಡೆಯುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಅವಘಡಕ್ಕೆ ಸಾಮಾನ್ಯವಾಗಿ ಯಾರೂ ಕಡತ ತೆರೆಯುವುದಿಲ್ಲ. ಸ್ಪರ್ಧೆ, ಸ್ಥಳ, ವರ್ಷ, ಸವಾರರು, ಕುದುರೆ ಯಾವುದನ್ನೂ ಇಲ್ಲಿ ಹೆಸರಿಸಿಲ್ಲ; ಗುರುತು ಹತ್ತದಂತೆ ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಯಾವ ನಿರ್ಧಾರದ ನಂತರ ಯಾವ ನಿರ್ಧಾರ ಬಂತು, ಅವುಗಳ ನಡುವೆ ಎಷ್ಟು ಹೊತ್ತು ಸರಿಯಿತು ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಹಿನ್ನೆಲೆ

ಒಂದೇ ಕುದುರೆ ಮತ್ತು ಒಬ್ಬರೇ ಸವಾರರು ಡ್ರೆಸ್ಸಾಜ್ (ಸವಾರರ ಸೂಚನೆಯಂತೆ ಕ್ರಮಬದ್ಧ ಚಲನೆಗಳು), ಕ್ರಾಸ್ ಕಂಟ್ರಿ (ಬಯಲಿನ ಹಾದಿಯಲ್ಲಿ ತಡೆಗಳನ್ನು ದಾಟುವ ಓಟ), ಷೋ ಜಂಪಿಂಗ್ (ಅಂಕಣದಲ್ಲಿ ಕಂಬಗಳ ಮೇಲೆ ನೆಗೆತ) ಎಂಬ ಮೂರು ಪರೀಕ್ಷೆಗಳನ್ನು ಎದುರಿಸುವ ಸ್ಪರ್ಧೆಯೇ ಈವೆಂಟಿಂಗ್. ಅಶ್ವದಳದ ಕುದುರೆಗಳ ಸಾಮರ್ಥ್ಯ ಪರೀಕ್ಷೆಯಾಗಿ ಹುಟ್ಟಿದ ಇದು 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು. ಇಂದು ಇದರ ಅತ್ಯುನ್ನತ ದರ್ಜೆ ಪಂಚತಾರಾ. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಮತ್ತು ಬರ್ಲಿ, ಅಮೆರಿಕದ ಕೆಂಟಕಿ ಎಂಬ ಸ್ಥಳಗಳಲ್ಲಿ ನಡೆಯುವಂಥ ಬೆರಳೆಣಿಕೆಯ ಸ್ಪರ್ಧೆಗಳು ಮಾತ್ರ ಆ ದರ್ಜೆಯಲ್ಲಿವೆ. ಅಲ್ಲಿನ ಕ್ರಾಸ್ ಕಂಟ್ರಿಯಲ್ಲಿ ಕುದುರೆ ನಿಮಿಷಕ್ಕೆ 570 ಮೀಟರ್ ವೇಗದಲ್ಲಿ 11ರಿಂದ 12 ನಿಮಿಷ ಓಡಬೇಕು. ಆರು ಕಿಲೋಮೀಟರಿಗೂ ಹೆಚ್ಚಿನ ಆ ಹಾದಿಯಲ್ಲಿ 40ರಿಂದ 45 ಬಾರಿ ನೆಗೆಯಬೇಕು. ತಡೆಗಳ ಗಟ್ಟಿ ಭಾಗ 1.20 ಮೀಟರ್ ಎತ್ತರದವರೆಗೆ ಇರುತ್ತದೆ. ಷೋ ಜಂಪಿಂಗ್‌ನಲ್ಲಿ ಕಾಲು ತಾಗಿದರೆ ಕಂಬ ಉರುಳುತ್ತದೆ. ಇಲ್ಲಿನ ತಡೆಗಳಾದರೋ ಮೊದಲಿನಿಂದಲೂ ನೆಲಕ್ಕೆ ಬಿಗಿದವು. ವೇಗವಾಗಿ ಬರುವ ಕುದುರೆಯ ಮುಂಗಾಲು ಮೊಣಕಾಲಿಗಿಂತ ಮೇಲೆ ಅಂಥ ಕಂಬಕ್ಕೆ ಬಡಿದಾಗ, ಕಂಬ ಅಲುಗದಿದ್ದರೆ ಕುದುರೆಯ ದೇಹವೇ ಅದರ ಸುತ್ತ ತಿರುಗಿ ಪಲ್ಟಿ ಹೊಡೆಯುತ್ತದೆ. ಐನೂರು ಕಿಲೋಗೂ ಹೆಚ್ಚು ತೂಗುವ ಪ್ರಾಣಿ ಆಗ ಸವಾರರ ಮೇಲೆಯೇ ಬೀಳಬಹುದು. ಈ ಕ್ರೀಡೆಯಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಬೀಳುವಿಕೆ ಇದು.

1999ರಲ್ಲಿ ಬ್ರಿಟನ್‌ನಲ್ಲಿ ಒಂದೇ ವರ್ಷ ಐವರು ಸವಾರರು ಮೃತಪಟ್ಟ ಬಳಿಕ, ಲಾರ್ಡ್ ಹಾರ್ಟಿಂಗ್ಟನ್ ಅಧ್ಯಕ್ಷತೆಯ ಸಮಿತಿಯೊಂದು 2000ದಲ್ಲಿ ವರದಿ ಸಲ್ಲಿಸಿತು. ಕುದುರೆ ಬೀಳದಂತೆ ಮಾಡುವುದೊಂದನ್ನೇ ಗುರಿಯಾಗಿ ಇಟ್ಟುಕೊಂಡರೆ ಸವಾರರ ಸುರಕ್ಷತೆ ಮತ್ತು ಕುದುರೆಯ ಸುರಕ್ಷತೆ ಎರಡೂ ಸಾಧ್ಯವಾಗುತ್ತವೆ ಎಂಬುದು ಅದರ ತಿರುಳು. ನಿರ್ದಿಷ್ಟ ಮಿತಿ ಮೀರಿದ ಬಲ ಬಿದ್ದಾಗ ಮುರಿದು ಕಂಬವನ್ನು ಕೆಳಗಿಳಿಸುವ ಫ್ರಾಂಜಿಬಲ್ ಪಿನ್‌ಗಳು, ಅನಂತರ ಅದೇ ಕೆಲಸಕ್ಕಾಗಿ ಸ್ವೀಡನ್‌ನಲ್ಲಿ ರೂಪುಗೊಂಡ ಮಿಮ್ ಕ್ಲಿಪ್‌ಗಳು ಬಂದದ್ದು ಈ ಆಲೋಚನೆಯ ಮುಂದುವರಿಕೆಯಾಗಿ. ಇಂಥ ಸಾಧನ ಕಳಚಿದರೆ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮದಂತೆ ಜೋಡಿಗೆ 11 ಪೆನಾಲ್ಟಿ ಅಂಕ ಬೀಳುತ್ತದೆ. ಓಟವನ್ನು ಮಾತ್ರ ಮುಂದುವರಿಸಬಹುದು. ಪ್ರಸ್ತುತ ಪ್ರಕರಣ ನಿಂತಿರುವುದು ಈ ಕೊನೆಯ ಅಂಶದ ಮೇಲೆ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮುನ್ನ ಕ್ರಾಸ್ ಕಂಟ್ರಿಯ ದಿನ ಕುದುರೆಗಳು ದೂರದ ನಡಿಗೆ-ಓಟದ ಹಾದಿಗಳನ್ನೂ ಸ್ಟೀಪಲ್‌ಚೇಸನ್ನೂ (ವೇಗವಾಗಿ ಓಡುತ್ತ ಬೇಲಿಗಳನ್ನು ದಾಟುವ ಹಂತ) ಮುಗಿಸಿ ಬಂದು, ಹತ್ತು ನಿಮಿಷ ಕಡ್ಡಾಯವಾಗಿ ನಿಂತು, ಪಶುವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕವೇ ಮುಖ್ಯ ಹಾದಿಗೆ ಇಳಿಯುತ್ತಿದ್ದವು. ಆ ಹಂತಗಳನ್ನು ಕೈಬಿಟ್ಟದ್ದರಿಂದ ಕುದುರೆಯ ಮೇಲಿನ ಒಟ್ಟು ಹೊರೆ ಇಳಿಯಿತು, ಅದು ಒಳ್ಳೆಯದೇ ಆಯಿತು. ಆದರೆ ದಣಿವನ್ನು ಕೈಮುಟ್ಟಿ ಅಳೆಯುತ್ತಿದ್ದ ಆ ನಿಲುಗಡೆಯೂ ಜೊತೆಯಲ್ಲೇ ಹೋಯಿತು. ಈಗ ಆರಂಭದಿಂದ ಅಂತ್ಯದವರೆಗೆ ಕುದುರೆಯ ಸ್ಥಿತಿಯನ್ನು ತಿಳಿಯಲು ಸವಾರರ ಅನುಭವ ಮತ್ತು ಹಾದಿಯುದ್ದಕ್ಕೂ ನಿಂತವರ ಕಣ್ಣು, ಇವೆರಡನ್ನು ಬಿಟ್ಟು ಬೇರೆ ಮಾರ್ಗವಿಲ್ಲ.

ಓಡಿಸಬೇಕೇ, ಬೇಡವೇ

ಕುದುರೆ ಹದಿಮೂರು ವರ್ಷದ ಗೆಲ್ಡಿಂಗ್ (ಬೀಜ ಒಡೆದ ಗಂಡು ಕುದುರೆ). ಪಂಚತಾರಾ ಹಾದಿಗಳನ್ನು ಹಿಂದೆಯೂ ಮುಗಿಸಿತ್ತು. ತಡೆಯನ್ನು ಕಂಡರೆ ತಾನೇ ಮುನ್ನುಗ್ಗುವ ಸ್ವಭಾವದ್ದು. ಸವಾರರೂ ಅನುಭವಿಗಳು. ಋತುವಿನ ಆರಂಭದಲ್ಲಿ ಗೊರಸಿನೊಳಗೆ ಕೀವು ತುಂಬಿ ಕುದುರೆ ಮೂರು ವಾರ ಲಾಯದಲ್ಲೇ ನಿಂತಿತು. ಗುಣವಾದ ಮೇಲೆ ಗ್ಯಾಲಪ್ (ನಾಗಾಲೋಟ) ಅಭ್ಯಾಸವನ್ನು ಮತ್ತೆ ಹಂತಹಂತವಾಗಿ ಏರಿಸಲು ಉಳಿದಿದ್ದ ಸಮಯ ಬೇಕಾದದ್ದಕ್ಕಿಂತ ಕಡಿಮೆ. ಕಾಗದದ ಮೇಲಿನ ಅರ್ಹತೆಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಅರ್ಹತೆಯ ನಿಯಮ ನೋಡುವುದು ಹಿಂದಿನ ಸ್ಪರ್ಧೆಗಳ ಫಲಿತಾಂಶವನ್ನು: ಡ್ರೆಸ್ಸಾಜ್‌ನಲ್ಲಿ 45 ಮೀರದ ಪೆನಾಲ್ಟಿ, ಕ್ರಾಸ್ ಕಂಟ್ರಿಯ ತಡೆಗಳಲ್ಲಿ ತಪ್ಪಿಲ್ಲದ ಓಟ, ಷೋ ಜಂಪಿಂಗ್‌ನಲ್ಲಿ 16 ಮೀರದ ಪೆನಾಲ್ಟಿ. ಈ ಕುದುರೆ ಅವೆಲ್ಲವನ್ನೂ ಹಿಂದಿನ ವರ್ಷವೇ ಪೂರೈಸಿತ್ತು. ಈ ತಿಂಗಳು ಅದರ ಉಸಿರು ಎಷ್ಟಿದೆ ಎಂದು ಆ ನಿಯಮ ಕೇಳುವುದಿಲ್ಲ.

ಸ್ಪರ್ಧೆಗೆ ಮುಂಚಿನ ಕೊನೆಯ ಗ್ಯಾಲಪ್‌ನಲ್ಲಿ ಕುದುರೆಗೆ ಹೃದಯ ಬಡಿತದ ಮಾನಿಟರ್ ಕಟ್ಟಲಾಗಿತ್ತು. ಓಟ ನಿಂತ ಮೇಲೆ ಬಡಿತ ಇಳಿಯುವುದು ಹಿಂದಿನ ವರ್ಷದ ಇದೇ ಅಭ್ಯಾಸಕ್ಕಿಂತ ಸ್ಪಷ್ಟವಾಗಿ ನಿಧಾನವಾಗಿತ್ತು. ಅದನ್ನು ಮೊದಲು ಗಮನಿಸಿದವರು ಗ್ರೂಮ್. ದಿನವೂ ಆ ಕುದುರೆಯ ಮೈ ಉಜ್ಜುವವರು, ಅದರ ಉಸಿರಿನ ಲಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು. ಅವರು ತರಬೇತುದಾರರಿಗೆ ಹೇಳಿದರು, ತರಬೇತುದಾರರು ಸವಾರರೊಂದಿಗೆ ಮಾತನಾಡಿದರು. ಆ ಬೆಳಗ್ಗೆ ಸೆಕೆ ಹೆಚ್ಚಿತ್ತು ಎಂಬ ಸಮಾಧಾನ ಸಿಕ್ಕಿತು. ಮಾಲೀಕರ ತನಕ ವಿಷಯ ತಲುಪಲಿಲ್ಲ. ಕೊನೆಗೆ ಆದ ಒಪ್ಪಂದ ಇಷ್ಟೇ: “ಹೋಗೋಣ, ದಣಿದಂತೆ ಕಂಡರೆ ನಿಲ್ಲಿಸಿಬಿಡೋಣ.”

ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಮೇಲ್ನೋಟಕ್ಕೆ ಜವಾಬ್ದಾರಿಯುತವಾಗಿ ಕಾಣುವ ಈ ಮಾತಿನಲ್ಲಿ ಮೂರು ಸಂಗತಿಗಳು ಬಿಟ್ಟುಹೋಗಿದ್ದವು: ದಣಿವು ಎಂದರೆ ಏನನ್ನು ಕಂಡಾಗ, ಯಾರ ಕಣ್ಣಿಗೆ ಕಂಡಾಗ, ಹಾದಿಯ ಎಲ್ಲಿ. ಶಾಂತವಾಗಿ ಕುಳಿತು ತೀರ್ಮಾನಿಸಬಹುದಾಗಿದ್ದ ಪ್ರಶ್ನೆಯನ್ನು ಅವರು ಗ್ಯಾಲಪ್‌ನ ಮಧ್ಯದಲ್ಲಿರುವ ಒಬ್ಬರ ಮೇಲೆ ಹೊರಿಸಿದರು. ಸೆಕೆಂಡಿಗೆ ಒಂಬತ್ತೂವರೆ ಮೀಟರ್ ಸಾಗುತ್ತಿರುವಾಗ ತೂಗಿ ನೋಡಲು ಯಾರಿಗೂ ಪುರಸತ್ತಿರುವುದಿಲ್ಲ.

ಹಾದಿಯ ಮೇಲೆ

ಡ್ರೆಸ್ಸಾಜ್ ಮುಗಿದಾಗ ಜೋಡಿ ಎರಡನೆಯ ಸ್ಥಾನದಲ್ಲಿತ್ತು. ಕ್ರಾಸ್ ಕಂಟ್ರಿಯ ಹಿಂದಿನ ರಾತ್ರಿ ಮಳೆ ಸುರಿದು ನೆಲ ಜಿಗುಟಾಯಿತು. ಬೆಳಗ್ಗೆ ಗ್ರೌಂಡ್ ಜ್ಯೂರಿ (ಮುಖ್ಯ ತೀರ್ಪುಗಾರರ ಮಂಡಳಿ), ನಿಯಮಪಾಲನೆ ನೋಡುವ ಟೆಕ್ನಿಕಲ್ ಡೆಲಿಗೇಟ್ ಮತ್ತು ಹಾದಿ ರೂಪಿಸಿದ ಕೋರ್ಸ್ ಡಿಸೈನರ್ ಎಲ್ಲರೂ ಹಾದಿಯನ್ನು ನಡೆದು ನೋಡಿ, ಇಳಿಜಾರಿನ ಒಂದು ತಡೆಯನ್ನು ಕೈಬಿಟ್ಟರು. ನಿಗದಿತ ಸಮಯ ಹನ್ನೊಂದೂವರೆ ನಿಮಿಷದ ಆಸುಪಾಸಿನಲ್ಲೇ ಉಳಿಯಿತು. ಕೈಬಿಟ್ಟದ್ದು ಸರಿಯಾದ ನಿರ್ಧಾರವೇ. ಆದರೆ ಜಿಗುಟು ನೆಲದಲ್ಲಿ ಕುದುರೆಯ ಶಕ್ತಿ ಸೋರುವುದು ಒಂದು ತಡೆಯ ಬಳಿಯಲ್ಲ, ಪ್ರತಿ ಹೆಜ್ಜೆಯಲ್ಲಿ. ಜೊತೆಗೆ ಮೊದಲು ಓಡಿದ ಕುದುರೆಗಳ ಗೊರಸುಗಳು ನೆಲವನ್ನು ಉತ್ತುಬಿಟ್ಟಿರುತ್ತವೆ. ನಮ್ಮ ಜೋಡಿಯ ಸರದಿ ಬಂದದ್ದು ದಿನದ ಕೊನೆಯ ಭಾಗದಲ್ಲಿ. ಅಷ್ಟರೊಳಗೆ ಓಡಿದ್ದ ಯಾರೊಬ್ಬರೂ ನಿಗದಿತ ಸಮಯದೊಳಗೆ ಮುಗಿಸಿರಲಿಲ್ಲ.

ಮೊದಲ ಆರು ನಿಮಿಷ ಎಲ್ಲವೂ ಚೆನ್ನಾಗಿತ್ತು. ಆರನೆಯ ನಿಮಿಷದ ಗುರುತಿನ ಬಳಿ ಸವಾರರ ಕೈಗಡಿಯಾರ ಎಂಟು ಸೆಕೆಂಡ್ ಹಿಂದಿರುವುದಾಗಿ ತೋರಿಸಿತು. ತಡವಾದ ಪ್ರತಿ ಸೆಕೆಂಡಿಗೆ 0.4 ಪೆನಾಲ್ಟಿ; ಅಗ್ರಸ್ಥಾನಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಸವಾರರು ವೇಗ ಹೆಚ್ಚಿಸಿದರು.

ಏಳನೆಯ ನಿಮಿಷದ ಸುಮಾರಿಗೆ ನೀರಿನ ಸಂಕೀರ್ಣ ಬಂತು. ವಿಡಿಯೊವನ್ನು ನಿಧಾನಗೊಳಿಸಿ ನೋಡಿದರೆ ಅಲ್ಲಿನ ಚಿತ್ರ ಸ್ಪಷ್ಟ. ನೀರಿಗೆ ಇಳಿದ ಕುದುರೆಯ ಕುತ್ತಿಗೆ ಎಂದಿಗಿಂತ ಕೆಳಗಿದೆ. ಅದು ಲಗಾಮಿನ ಮೇಲೆ ಭಾರ ಬಿಟ್ಟಿದೆ. ದಡದ ತಡೆಯನ್ನು ಎರಡು ಹೆಜ್ಜೆಗಳಲ್ಲಿ ಮುಟ್ಟಬೇಕಿತ್ತು, ಅದು ಮೂರನೆಯ ಗಿಡ್ಡ ಹೆಜ್ಜೆಯೊಂದನ್ನು ತುರುಕುತ್ತದೆ. ಮುಂಗಾಲುಗಳು ಎದೆಯ ಕಡೆಗೆ ಮಡಚಿಕೊಳ್ಳದೆ ಜೋತುಬೀಳುತ್ತವೆ. ಹಿಂಗಾಲು ದಡದ ಅಂಚಿಗೆ ಉಜ್ಜುತ್ತದೆ. ಕಿವಿಗಳು ಮಾತ್ರ ಮುಂದಕ್ಕೇ ನೆಟ್ಟಗಿವೆ. ಧೈರ್ಯದ ಕುದುರೆಗಳ ವಿಚಾರದಲ್ಲಿ ಮೋಸಹೋಗುವುದು ಇಲ್ಲಿಯೇ: ಮೈ ಸೋತ ಮೇಲೂ ಮನಸ್ಸು ತಡೆಯನ್ನು ಹುಡುಕುತ್ತಿರುತ್ತದೆ. ಜೀನಿನ ಮೇಲೆ ಕುಳಿತವರಿಗೆ ಕಾಣುವುದು ಆ ಕಿವಿಗಳು; ಜೋತುಬಿದ್ದ ಕಾಲುಗಳಲ್ಲ.

ಆ ಕಾಲುಗಳನ್ನು ಕಂಡವರು ತಡೆಯ ಬಳಿಯಿದ್ದ ತೀರ್ಪುಗಾರ್ತಿ. ಆದರೆ ಅವರ ಕೈಯಲ್ಲಿದ್ದ ಹಾಳೆಯಲ್ಲಿ ನಿರಾಕರಣೆ, ಬೀಳುವಿಕೆ, ಬಾವುಟ ತಪ್ಪಿದ್ದು ಇಂಥವಕ್ಕೆ ಮಾತ್ರ ಜಾಗವಿತ್ತು. ನಿಯಮದ ಪ್ರಕಾರ ಅದು ದೋಷವಿಲ್ಲದ ನೆಗೆತ, ಹಾಗೆಂದೇ ಬರೆದರು. ಅಷ್ಟಕ್ಕೇ ಸುಮ್ಮನಿರದೆ “ಕುದುರೆ ದಣಿದಂತಿದೆ” ಎಂದು ರೇಡಿಯೊದಲ್ಲಿಯೂ ತಿಳಿಸಿದರು. ಅದೇ ಹೊತ್ತಿನಲ್ಲಿ ಹಾದಿಯ ಮತ್ತೊಂದು ಕಡೆ ಬೇರೆ ಸವಾರರೊಬ್ಬರು ಬಿದ್ದಿದ್ದರು. ಕಂಟ್ರೋಲ್ ಕೊಠಡಿಯ ಗಮನವೆಲ್ಲ ಅಲ್ಲಿತ್ತು. ಮಾಹಿತಿ ಪುಸ್ತಕದಲ್ಲಿ ದಾಖಲಾಯಿತು, ಗ್ರೌಂಡ್ ಜ್ಯೂರಿಯ ಕಿವಿಗೆ ಬೀಳಲಿಲ್ಲ.

ಎಂಟನೆಯ ನಿಮಿಷದಲ್ಲಿ ಎರಡು ಕಂಬಗಳ ನಡುವೆ ಬರಿದಾದ ಅಂತರವಿರುವ ಆಕ್ಸರ್. ಕುದುರೆ ಬಹಳ ಹತ್ತಿರದಿಂದ ನೆಗೆಯಿತು; ಎರಡೂ ಮುಂಗಾಲುಗಳು ಮೊಣಕಾಲಿನ ಮೇಲ್ಭಾಗದಲ್ಲಿ ಕಂಬಕ್ಕೆ ಬಡಿದವು. ಪಿನ್ ಮುರಿಯಿತು, ಕಂಬ ಕೆಳಗಿಳಿಯಿತು. ಪಿನ್ ಇಲ್ಲದ ತಡೆಯಾಗಿದ್ದರೆ ಅದು ಪಲ್ಟಿಯೇ ಆಗುತ್ತಿತ್ತು ಎಂಬುದರಲ್ಲಿ ಪರಿಶೀಲಿಸಿದವರ ನಡುವೆ ಭಿನ್ನಾಭಿಪ್ರಾಯವಿಲ್ಲ. ಕುದುರೆ ಆಚೆಬದಿ ಮೊಣಕಾಲೂರಿ, ಮೂತಿಯಿಂದ ಹುಲ್ಲನ್ನು ಗೀರಿ, ಎದ್ದುನಿಂತಿತು. ಭುಜ ಮತ್ತು ಹಿಂಭಾಗ ಎರಡೂ ನೆಲ ಮುಟ್ಟಿದರಷ್ಟೇ ನಿಯಮದಲ್ಲಿ ಅದು ಕುದುರೆಯ ಬೀಳುವಿಕೆ. ಇಲ್ಲಿ ಹಾಗಾಗಲಿಲ್ಲ. ಸವಾರರು ಜೀನಿನಲ್ಲೇ ಇದ್ದರು. ಹನ್ನೊಂದು ಪೆನಾಲ್ಟಿ, ಬಹುಮಾನದ ಆಸೆ ಅಲ್ಲಿಗೆ ಮುಗಿಯಿತು. ಆದರೂ ಅವರು ಲಗಾಮು ಸರಿಪಡಿಸಿಕೊಂಡು ಮುಂದೆ ಸಾಗಿದರು.

ಏಕೆ ಮುಂದುವರಿದಿರಿ ಎಂದು ಆಮೇಲೆ ಕೇಳಿದಾಗ ಸವಾರರು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು: ಸಾಧನ ತನ್ನ ಕೆಲಸ ಮಾಡಿತು, ಕುದುರೆ ಎದ್ದಿತು, ಯಾರೂ ನಿಲ್ಲಿಸಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಂಡೆ. ಮನೆಯಲ್ಲಿ ಫ್ಯೂಸ್ ಹೋದಾಗ ಕಾರಣ ಹುಡುಕದೆ ತಂತಿ ಬದಲಿಸಿ ಮತ್ತೆ ಸ್ವಿಚ್ ಹಾಕಿದಂತೆ ಇದು. ಮುರಿದ ಪಿನ್ ಬೀಳುವಿಕೆಯನ್ನು ತಪ್ಪಿಸಿತು; ಆ ಕುದುರೆ ಏಕೆ ಬೀಳುವ ಹಂತಕ್ಕೆ ಬಂತು ಎಂಬ ಪ್ರಶ್ನೆಯನ್ನು ಮುಚ್ಚಿಯೂ ಹಾಕಿತು.

ಆಕ್ಸರ್‌ನ ದೃಶ್ಯವನ್ನು ಪರದೆಯಲ್ಲಿ ಕಂಡ ಗ್ರೌಂಡ್ ಜ್ಯೂರಿಯ ಸದಸ್ಯರೊಬ್ಬರು ಕೂಡಲೇ ನಿಲ್ಲಿಸಲು ಹೇಳಿದರು. ಆದರೆ ಕೆಂಪು ಬಾವುಟ ಹಿಡಿದ ಸಿಬ್ಬಂದಿ ಇದ್ದ ಅತಿ ಹತ್ತಿರದ ಸ್ಥಳ ಮುಂದಿನ ತಡೆಯ ಆಚೆಗಿತ್ತು. ಆ ತಡೆಯನ್ನು ಕುದುರೆ ಓರೆಯಾಗಿ, ಹೇಗೋ ದಾಟಿತು. ನೀರಿನ ಬಳಿಯ ರೇಡಿಯೊ ಮಾತಿನಿಂದ ಕೆಂಪು ಬಾವುಟದವರೆಗೆ ಸುಮಾರು ನೂರು ಸೆಕೆಂಡು; ನಿಗದಿತ ವೇಗದಲ್ಲಿ ಲೆಕ್ಕ ಹಾಕಿದರೆ 950 ಮೀಟರ್.

ತಕ್ಷಣದ ಆರೈಕೆ

ಇಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು. ಕುದುರೆಯ ಸಹಜ ತಾಪಮಾನ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಪಶುವೈದ್ಯರ ಥರ್ಮಾಮೀಟರ್ 41 ದಾಟಿತ್ತು. ತಣ್ಣೀರನ್ನು ಎಡೆಬಿಡದೆ ಇಡೀ ಮೈಮೇಲೆ ಸುರಿದು, ನಡುವೆ ಕೈಹಿಡಿದು ನಡೆಸಲಾಯಿತು. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಮಾಂಸಖಂಡ ಹಿಡಿದುಕೊಳ್ಳುತ್ತದೆ ಎಂಬ ಹಳೆಯ ನಂಬಿಕೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಸಂಶೋಧನೆಗಳ ಮುಂದೆ ನಿಲ್ಲಲಿಲ್ಲ. ಸುರಿದ ನೀರನ್ನು ಬಳಿದು ತೆಗೆಯುತ್ತ ಕಾಲ ಕಳೆಯುವುದಕ್ಕಿಂತ ಸುರಿಯುತ್ತಲೇ ಇರುವುದು ಮೇಲು ಎಂಬುದೂ ಈಗ ಒಪ್ಪಿತವಾಗಿದೆ. ಅರ್ಧ ಗಂಟೆಯೊಳಗೆ ಅಪಾಯ ಕಳೆಯಿತು. ಆ ಸಂಜೆ ಕುಂಟು ಕಾಣಲಿಲ್ಲ. ಎರಡು ದಿನಗಳ ನಂತರ ಎಡಮುಂಗಾಲಿನ ಹಿಂಬದಿ ಬೆಚ್ಚಗಾಗಿ ಊದಿತು. ಅಲ್ಟ್ರಾಸೌಂಡ್‌ನಲ್ಲಿ ಅಲ್ಲಿನ ಸ್ನಾಯುರಜ್ಜುವಿನ ಎಳೆಗಳು ಹರಿದಿರುವುದು ಕಂಡಿತು. ದಣಿದ ಸ್ನಾಯು ಕಾಲಿನ ಭಾರವನ್ನು ಹಿಡಿದಿಡಲಾಗದೆ ಹೋದಾಗ ಅದು ಬೀಳುವುದು ರಜ್ಜುವಿನ ಮೇಲೆ. ಗಾಯ ಆಕ್ಸರ್‌ನಲ್ಲಿ ಆಯಿತೇ, ಅದಕ್ಕೆ ಮುಂಚೆಯೇ ಶುರುವಾಗಿತ್ತೇ ಎಂದು ಹೇಳಲಾಗದು ಎಂದರು ವೈದ್ಯರು.

ಎರಡು ವಾದಗಳು

ಪರಿಶೀಲನಾ ಸಭೆಯಲ್ಲಿ ಮೊದಲು ಚರ್ಚೆಯಾದದ್ದು ಕಂಬದ ಬಣ್ಣ. ಕುದುರೆಗಳಿಗೆ ಕೆಂಪು-ಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ನೀಲಿ, ಹಳದಿ, ಬಿಳಿ ಎದ್ದು ಕಾಣುತ್ತವೆ. ಬ್ರಿಟನ್‌ನ ಕುದುರೆ ಜೂಜಿನ ಹರ್ಡಲ್ ಮತ್ತು ಬೇಲಿಗಳಲ್ಲಿ ಕಿತ್ತಳೆ ಬಣ್ಣದ ಬದಲು ಬಿಳಿಯನ್ನು 2022ರಿಂದ ತಂದದ್ದು ಇಂಥ ಅಧ್ಯಯನಗಳ ಆಧಾರದ ಮೇಲೆ. ನಮ್ಮ ಆಕ್ಸರ್ ಮರದ ನೆರಳಿನಲ್ಲಿ ಕಂದು ಬಣ್ಣದ್ದಾಗಿತ್ತು ನಿಜ. ಆದರೆ ಅದೇ ದಿನ ಅದನ್ನು ಉಳಿದವರು ತೊಂದರೆಯಿಲ್ಲದೆ ದಾಟಿದ್ದರು. ಬಣ್ಣ ಬದಲಿಸಲು ಶಿಫಾರಸು ಮಾಡಿ ಸಭೆ ಮುಂದೆ ಸಾಗಿತು.

ನಿಜವಾದ ಭಿನ್ನಾಭಿಪ್ರಾಯ ಬೇರೆ ಕಡೆ ಇತ್ತು. ವ್ಯವಸ್ಥೆ ಗೆದ್ದಿತು ಎಂಬುದು ಒಂದು ವಾದ: ಪಿನ್ ಕೆಲಸ ಮಾಡಿತು, ಅಧಿಕಾರಿಗಳು ನಿಲ್ಲಿಸಿದರು, ಕುದುರೆ ಬದುಕಿತು. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ಇಪ್ಪತ್ತೈದು ವರ್ಷಗಳ ಹಿಂದಾಗಿದ್ದರೆ ಇದೇ ತಡೆಯಲ್ಲಿ ಎರಡು ಜೀವ ಹೋಗಬಹುದಿತ್ತು. ಎರಡನೆಯ ವಾದ ಗ್ರೂಮ್ ಕಡೆಯಿಂದ ಬಂತು. ಕುದುರೆ ಸಿದ್ಧವಾಗಿಲ್ಲ ಎಂಬುದನ್ನು ಗ್ಯಾಲಪ್‌ನ ದಿನ ತಾವು ಕಂಡಿದ್ದು, ನೀರಿನ ಬಳಿ ತೀರ್ಪುಗಾರ್ತಿ ಕಂಡಿದ್ದು ಒಂದೇ ಸಂಗತಿ ಎಂದರು ಅವರು. ಕಂಡವರಿಗೆ ನಿಲ್ಲಿಸುವ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಕಾಣುವ ಏರ್ಪಾಡಿರಲಿಲ್ಲ.

ನಾನು ಎರಡನೆಯ ವಾದದ ಪರ. ಮುರಿಯುವ ತಡೆ ಕೊನೆಯ ರಕ್ಷಣೆ. ಅದು ಬಳಕೆಯಾಯಿತೆಂದರೆ ಅದಕ್ಕೆ ಮುಂಚಿನ ರಕ್ಷಣೆಗಳೆಲ್ಲ ಸೋತಿವೆ ಎಂದರ್ಥ. ದಣಿದ ಕುದುರೆಯನ್ನು ಒತ್ತಾಯಿಸಿ ಓಡಿಸುವುದು ಒಕ್ಕೂಟದ ನಿಯಮದಲ್ಲಿ ಈಗಾಗಲೇ ಹಿಂಸೆಯೆಂದು ಪರಿಗಣಿತವಾಗಿದೆ. ನಿಯಮದ ಕೊರತೆ ಇರಲಿಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಪ್ರಯೋಗಿಸುವವರು ಯಾರು ಎಂದು ಗೊತ್ತುಮಾಡಿರಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಜೆಟ್ ಸೆಟ್ ಎಂಬ ಕುದುರೆ ಕಾಲಿನ ಅಸ್ಥಿರಜ್ಜು ಹರಿದು ದಯಾಮರಣಕ್ಕೆ ಒಳಗಾದದ್ದನ್ನು 2021ರಲ್ಲಿ ಜಗತ್ತು ನೋಡಿತು. ಮರುವರ್ಷ ಒಕ್ಕೂಟ ಅಶ್ವಗಳ ಯೋಗಕ್ಷೇಮ ಮತ್ತು ನೈತಿಕತೆಗಾಗಿಯೇ ಸ್ವತಂತ್ರ ಆಯೋಗವೊಂದನ್ನು ರಚಿಸಿತು. ಕುದುರೆಯನ್ನು ಕ್ರೀಡೆಗೆ ಬಳಸಲು ಸಮಾಜ ಕೊಟ್ಟಿರುವ ಸಮ್ಮತಿ ಶಾಶ್ವತವಲ್ಲ ಎಂಬ ಅರಿವು ಅದರ ಹಿಂದಿತ್ತು. ಆ ಸಮ್ಮತಿ ಉಳಿಯುವುದೂ ಅಳಿಯುವುದೂ ನಮ್ಮ ಈ ನೂರು ಸೆಕೆಂಡಿನಂಥ ಹೊತ್ತಿನಲ್ಲಿ ಎಂದು ನಾನು ನಂಬಿದ್ದೇನೆ.

ಬದಲಾದದ್ದು, ಬದಲಾಗದ್ದು

ತಂಡ ತನ್ನ ಕಡೆಯಿಂದ ಒಂದು ಪುಟದ ಒಪ್ಪಂದ ಬರೆದುಕೊಂಡಿತು. ಕೊನೆಯ ಗ್ಯಾಲಪ್‌ನ ಹೃದಯ ಬಡಿತದ ದಾಖಲೆಯನ್ನು ಮಾಲೀಕರೂ ಸೇರಿ ಎಲ್ಲರೂ ನೋಡಬೇಕು. ಗ್ರೂಮ್ ಬೇಡವೆಂದರೆ ಕಾರಣ ಸಾಬೀತುಪಡಿಸಬೇಕಾಗಿಲ್ಲ, ಹೆಸರು ಹಿಂತೆಗೆಯಬೇಕು. ಹಾದಿಯ ಮೂರನೆಯ ಎರಡರಷ್ಟು ಕಳೆದ ಮೇಲೆ ಲಗಾಮಿನ ಮೇಲಿನ ಭಾರ, ತುರುಕಿದ ಹೆಜ್ಜೆ, ಇಳಿಯುವಾಗಿನ ಮುಗ್ಗರಿಕೆ ಇವುಗಳಲ್ಲಿ ಎರಡು ಕಂಡರೆ ಸವಾರರು ಕೈಯೆತ್ತಿ ನಿಲ್ಲಬೇಕು. ನಿಂತದ್ದಕ್ಕೆ ಯಾವ ವಿವರಣೆಯನ್ನೂ ಕೇಳುವುದಿಲ್ಲ ಎಂದು ಮಾಲೀಕರು ಸಹಿ ಹಾಕಿದರು. ಈ ಕೊನೆಯ ಸಾಲು ಚಿಕ್ಕದಾಗಿ ಕಾಣಬಹುದು. ಆದರೆ ಕುದುರೆಯ ಖರ್ಚು ಹೊರುವವರು ಏನೆಂದುಕೊಳ್ಳುವರೋ ಎಂಬ ಅಳುಕು ಸವಾರರ ಕೈಯನ್ನು ಕಟ್ಟಿಹಾಕುವುದನ್ನು ಬಲ್ಲವರಿಗೆ ಅದರ ತೂಕ ತಿಳಿದಿದೆ.

ಆಯೋಜಕರು ಕೊನೆಯ ಮೂರನೆಯ ಒಂದು ಭಾಗದಲ್ಲಿ ನಿಲ್ಲಿಸುವ ಸ್ಥಳಗಳನ್ನು ಹೆಚ್ಚಿಸಿದರು; ಸುದೀರ್ಘ ಪರ್ಯಾಯ ದಾರಿಗಳನ್ನೂ ಒದಗಿಸಿದರು. ಅಂಕಗಳ ಗೊಡವೆಗೆ ಹೋಗದೆ ಕುದುರೆಗಳ ಸ್ಥಿತಿಯನ್ನಷ್ಟೇ ನೋಡಲು ಒಬ್ಬ ಅಧಿಕಾರಿಯನ್ನೂ, ಜೊತೆಗೆ ನಿವೃತ್ತ ಸವಾರರೊಬ್ಬರನ್ನೂ ಪರದೆಗಳ ಮುಂದೆ ಕೂರಿಸಿದರು. ತಡೆಗಳ ಬಳಿಯಿಂದ ದಣಿವಿನ ಮಾತು ಬಂದರೆ ಅದು ಬೇರೆ ಯಾರ ಮೂಲಕವೂ ಹಾಯದೆ ನೇರ ಅವರಿಗೇ ತಲುಪುತ್ತದೆ.

ಮುಂದಿನ ಆವೃತ್ತಿಯಲ್ಲಿ ಈ ಏರ್ಪಾಡಿನಿಂದ ಒಂದು ಜೋಡಿಯನ್ನು ನಿಲ್ಲಿಸಲಾಯಿತು. ಪಶುವೈದ್ಯರು ನೋಡಿದಾಗ ಆ ಕುದುರೆಯ ಬಡಿತ ಬೇಗ ಇಳಿಯಿತು. ಅದು ಬಹುಶಃ ಸುಲಭವಾಗಿ ಮುಗಿಸುತ್ತಿತ್ತು. ಸವಾರರು ಕೋಪಗೊಂಡರು, ಅವರ ಕೋಪಕ್ಕೆ ಅರ್ಥವಿತ್ತು: ವರ್ಷಗಟ್ಟಲೆ ಸಿದ್ಧತೆ ಒಂದು ಬಾವುಟಕ್ಕೆ ಮುಗಿದಿತ್ತು. ಅಂಥ ತಪ್ಪು ಮತ್ತೆಯೂ ಆಗುತ್ತದೆ. ದಣಿಯದ ಕುದುರೆಯನ್ನು ಆಗೊಮ್ಮೆ ಈಗೊಮ್ಮೆ ನಿಲ್ಲಿಸುವ ಬೆಲೆ ತೆರದೆ, ದಣಿದ ಕುದುರೆಯನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ದಾರಿ ನನಗೆ ಕಾಣುತ್ತಿಲ್ಲ. ಆ ಬೆಲೆ ತೆರಲೇಬೇಕು.

ಈ ಪ್ರಕರಣದ ಕುದುರೆ ಒಂದು ವರ್ಷಕ್ಕೂ ಹೆಚ್ಚು ವಿಶ್ರಾಂತಿಯ ಬಳಿಕ ಕೆಳಗಿನ ದರ್ಜೆಯಲ್ಲಿ ಓಡುತ್ತಿದೆ. ಪಂಚತಾರಾ ಹಾದಿಗೆ ಮತ್ತೆ ಕರೆತರುವುದಿಲ್ಲ ಎಂದು ಮಾಲೀಕರು ತೀರ್ಮಾನಿಸಿದ್ದಾರೆ. ಪರಿಶೀಲನೆಯ ಒಂದು ಶಿಫಾರಸು ಮಾತ್ರ ಹಾಗೆಯೇ ಉಳಿದಿದೆ: ದಣಿವಿನ ವರದಿ ಬಂದ ಕುದುರೆ ಹಾದಿಯ ಕೊನೆಯ ಭಾಗದಲ್ಲಿ ಪಿನ್ ಮುರಿದರೆ ಅಲ್ಲಿಗೇ ಓಟ ನಿಲ್ಲಬೇಕು ಎಂಬುದು. ಅದಕ್ಕೆ ಅಂತರರಾಷ್ಟ್ರೀಯ ನಿಯಮವೇ ಬದಲಾಗಬೇಕು. ಹಗುರವಾಗಿ ತಾಗಿ ಮುರಿದದ್ದನ್ನೂ ಜೋರಾಗಿ ಬಡಿದು ಮುರಿದದ್ದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಂತಾಗುತ್ತದೆ ಎಂಬ ಆಕ್ಷೇಪವೂ ಇದೆ. ಆ ಬದಲಾವಣೆಗೆ ಕಾಯದೆ, ಪಿನ್ ಹೇಗೆ ಮುರಿದರೂ ಸರಿ, ಹಾದಿಯ ಕೊನೆಯ ಭಾಗದಲ್ಲಾದರೆ ನಿಲ್ಲಿಸುವುದೆಂದು ಆ ತಂಡದ ಸವಾರರು ತಮ್ಮ ಎಲ್ಲ ಕುದುರೆಗಳಿಗೂ ಅನ್ವಯಿಸಿಕೊಂಡಿದ್ದಾರೆ.